ಬದುಕಿದ್ದಾಗಲೇ ಲಿಂಗೈಕ್ಯನಾದದ್ದು

ನನ್ನನ್ನು ದೊಡ್ಡ ದಾನಿ ಎಂದು ಜನ ಹೊಗಳುತ್ತಾರೆ. ಇಷ್ಟು ದಿನ ತಲೆ ತಗ್ಗಿಸಿ ಕೇಳಿಸಿಕೊಂಡೆ. ಇನ್ನು ಸಾಕು, ನಡೆದದ್ದನ್ನು ಹೇಳಿಬಿಡುತ್ತೇನೆ.

ಕಮಲಾಪುರದಲ್ಲಿ ರಸ್ತೆ ಬದಿ ನನ್ನದೊಂದು ಮಳಿಗೆ ಇತ್ತು. ಬಾಡಿಗೆಗಿದ್ದವರು ಅಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ನಮ್ಮೂರಿನ ಬ್ರಹ್ಮಪುರ ಬಡಾವಣೆಯ ಬಡ ಹೆಣ್ಣುಮಕ್ಕಳ ವಸತಿನಿಲಯದಲ್ಲಿ ರೊಟ್ಟಿ ಎಣಿಸಿ ಬಡಿಸುತ್ತಾರೆಂದು ಕೇಳಿ, ನನ್ನ ನಂತರ ಆ ಮಳಿಗೆ ಅವರಿಗೆ, ಅದರ ಬಾಡಿಗೆ ಅಲ್ಲಿನ ಮಕ್ಕಳ ಊಟಕ್ಕೆ ಎಂದು ಮೃತ್ಯುಪತ್ರ ಬರೆಸಿದೆ. ನಾನಿರುವವರೆಗೆ ಬಾಡಿಗೆ ನನ್ನ ಕೈಖರ್ಚಿಗೆ. ಕೊಟ್ಟ ಹೆಸರೂ ಬಂತು, ಕೊಡುವ ಕಷ್ಟವೂ ತಪ್ಪಿತು.

ಮೃತ್ಯುಪತ್ರವನ್ನು ಜನ ಟ್ರಂಕಿನಲ್ಲಿಡುತ್ತಾರೆ. ನಾನು ಬಾಯಲ್ಲಿಟ್ಟುಕೊಂಡು ತಿರುಗಿದೆ. ಮದುವೆ ಮನೆ, ಕಟಿಂಗ್ ಅಂಗಡಿ, ಎಲ್ಲಿ ಕೂತರೂ ಅದೇ ಮಾತು. ಕೊನೆಗೆ ವಸತಿನಿಲಯದವರು ಕರೆದು ಶಾಲು ಹೊದಿಸಿದರು. ದಾನಿಗಳ ಹೆಸರಿನ ಕಲ್ಲಿನಲ್ಲಿ ನಿಮ್ಮದೂ ಕೆತ್ತಿಸುತ್ತೇವೆ ಎಂದರು.

ಕಲ್ಲು ನೋಡಲು ಹೆಂಡತಿಯನ್ನೂ ಕರೆದುಕೊಂಡು ಹೋದೆ. ನನ್ನ ಹೆಸರಿನ ಮೊದಲಿಗೆ, ಬಂಗಾರದ ಬಣ್ಣದಲ್ಲಿ, ‘ಲಿಂಗೈಕ್ಯ’ ಎಂದಿತ್ತು. ನಮ್ಮವರಲ್ಲಿ ತೀರಿಕೊಂಡವರಿಗೆ ಹಚ್ಚುವ ಪದ ಅದು.

ಕಾರ್ಯದರ್ಶಿ ಕೈ ಮುಗಿದರು. “ತಪ್ಪು ತಿಳೀಬ್ಯಾಡ್ರಿ ಕಾಕಾ. ಮೃತ್ಯುಪತ್ರದ ದಾನ ಅಂದಕೂಡ್ಲೆ ಕೆತ್ತಾಂವ ನೀವು ಹೋಗೀರಿ ಅಂತ ತಿಳಕೊಂಡಾನ. ಹ್ಯಾಂಗೂ ಮುಂದ ಬೇಕಾಗೋದೇ ಅಲ್ರಿ, ಸದ್ಯಕ್ಕ ಮ್ಯಾಲೆ ಕಾಗದ ಹಚ್ತೀವಿ.”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ಇರ್ಲಿ ಬಿಡ್ರಿ. ನಡೀರಿ ಮನಿಗಿ, ಲಿಂಗೈಕ್ಯರಿಗಿ ಚಹಾದ ಹೊತ್ತಾತು.”

ಖೂಬಾ ಪ್ಲಾಟಿನ ನಮ್ಮ ಮನೆಗೆ ಹೋಗಬೇಕಿದ್ದ ಆಟೋವನ್ನು ಸೇಡಂ ರಸ್ತೆಯ ವಕೀಲರ ಕಡೆ ತಿರುಗಿಸಿದೆ. ಮೃತ್ಯುಪತ್ರದಿಂದ ಮಳಿಗೆಯನ್ನೇ ತೆಗೆಸಿಬಿಡಬೇಕು ಎಂಬ ಸಿಟ್ಟು. ಒಂದು ಪದಕ್ಕಾಗಿ ಅಷ್ಟು ಮಕ್ಕಳ ತಟ್ಟೆಗೆ ಕೈಹಾಕುತ್ತಿದ್ದೇನೆ ಎಂದು ಆಗ ಹೊಳೆಯಲೇ ಇಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ವಕೀಲರು ಎಲ್ಲ ಕೇಳಿ ನಕ್ಕರು. “ತೆಗೀಬಹುದ್ರಿ. ಆದ್ರ ಊರತುಂಬ ಹೇಳಿಕೊಂಡು ಬಂದೀರಿ, ಈಗ ಮಾರಿ ಹ್ಯಾಂಗ ತೋರಿಸ್ತೀರಿ? ಆ ಪದ ಅಳಿಸಬೇಕಂದ್ರ ಈಗಲೇ ದಾನಪತ್ರ ಮಾಡಿಕೊಡ್ರಿ. ಜೀವಂತ ಕೊಟ್ಟವರಿಗಿ ಅದನ್ನ ಯಾರು ಹಚ್ತಾರ?”

“ಮತ್ತ ಬಾಡಿಗಿ?”

“ಅದೂ ಇವತ್ತಿಂದಲೇ ಅವರಿಗಿ ಹೋಗ್ತದ್ರಿ.”

ಒಂದು ವಾರ ಒದ್ದಾಡಿದೆ. ಎಲೆ ಅಡಿಕೆಗೂ ಇನ್ನು ಹೆಂಡತಿಯ ಮುಂದೆ ಕೈಯೊಡ್ಡಬೇಕು. ಆದರೂ ಕಣ್ಣು ಮುಚ್ಚಿದರೆ ಆ ಬಂಗಾರದ ಅಕ್ಷರಗಳೇ ಕಾಣುತ್ತಿದ್ದವು. ಮಕ್ಕಳ ಹಸಿವು ಕರಗಿಸದ ನನ್ನ ಮನಸ್ಸನ್ನು ನನ್ನ ಜಂಬವೇ ಕರಗಿಸಿತು.

ನೋಂದಣಿ ಕಚೇರಿಯಲ್ಲಿ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. “ಯಜಮಾನ್ರ, ಯಾರ ಒತ್ತಾಯನೂ ಇಲ್ಲಲ್ರಿ? ಖುಷೀಲೆ ಕೊಡ್ಲಾಕತ್ತೀರಿ?”

“ಭಾಳ ಖುಷೀಲೆ ರೀ,” ಎಂದೆ. ಪಕ್ಕದಲ್ಲಿದ್ದ ಹೆಂಡತಿಗೆ ಎಲ್ಲಿಲ್ಲದ ಕೆಮ್ಮು ಬಂತು.