ಗೆನ್‌ಫು ಎರಡು ದಿನ ಬಚ್ಚಿಟ್ಟ ಮಾತು

ನಮ್ಮ ಕಾಲುವೆ ಊರಿನಲ್ಲಿ ಮೂವತ್ತು ವರ್ಷ ಗಾಡಿ ಅಂದರೆ ಯು ಗೆನ್‌ಫು. ಮೀನು ಸಾಗಿಸುವ ಮೂರು ಗಾಲಿಯದಾಗಲಿ, ಇಟ್ಟಿಗೆ ಹೊರುವ ಕೈಗಾಡಿಯಾಗಲಿ, ಬೆಸುಗೆ ಅವನದೇ. ಸಂತೆ ಗಲ್ಲಿಯ ಬಾಯಲ್ಲಿ ಅವನ ವೆಲ್ಡಿಂಗ್ ಅಂಗಡಿ.

ನಾಲ್ಕು ಮನೆ ಆಚೆ ಪಾನ್ ಶಿಂಗ್‌ಮೈ ಇದ್ದಳು. ರೇಷ್ಮೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಮಗ್ಗಗಳ ರಿಪೇರಿ ಮಾಡಿದವಳು. ಗಿರಣಿ ಮುಚ್ಚಿದ ಮೇಲೆ ತಾವರೆಗೆಡ್ಡೆ ಮಾರಲು ಕೂತಳು. ಸಂತೆಗೆ ಹೋಗುವ ಆ ಗಲ್ಲಿ ಎಷ್ಟು ಕಿರಿದೆಂದರೆ ಗೆನ್‌ಫು ಮಾಡಿದ ಯಾವ ಗಾಡಿಯೂ ಒಳಗೆ ನುಗ್ಗುತ್ತಿರಲಿಲ್ಲ. ಗಲ್ಲಿಯ ಬಾಯಿಂದ ಮುಂದೆ ಹೆಗಲ ಮೇಲಿನ ಅಡ್ಡೆಯೇ ಗತಿ. ಬಲ ಹೆಗಲು ಬಾತುಕೊಂಡಾಗ ಅವಳು ಅವನ ಅಂಗಡಿಗೆ ಬಂದಳು.

“ಅಣ್ಣಾ, ಈ ಗಲ್ಲೀಲಿ ಹೋಗೋ ಥರ ಒಂದು ಗಾಡಿ ಮಾಡ್ಕೊಡು. ಒಂದೂವರೆ ಮೊಳ ಅಗಲ ಇದ್ರೆ ಸಾಕು. ಬ್ಯಾಟರೀಲಿ ಓಡ್ಬೇಕು.”

“ಅಷ್ಟೇ ಅಗಲದ ಗಾಡಿಗೆ ನಿನ್ನ ಗೆಡ್ಡೆ ಹೇರಿದ್ರೆ ಕುಡುಕನ ಥರ ಮಗುಚ್ಕೊಳ್ಳುತ್ತೆ ಕಣಮ್ಮ. ಹೋಗು, ಹೆಗಲಿಗೆ ಎಣ್ಣೆ ಹಚ್ಕೋ.”

ಶಿಂಗ್‌ಮೈ ತಿರುಗಿ ಮನೆಗೆ ಹೋದಳು. ಆ ಚಳಿಗಾಲವೆಲ್ಲ ಅವಳ ಅಂಗಳದಲ್ಲಿ ಗರಗಸದ ಸದ್ದು. ಎರಡು ಹಳೆಯ ಸೈಕಲ್ಲುಗಳನ್ನು ಕತ್ತರಿಸಿ, ಒಂದರ ಮುಂಭಾಗಕ್ಕೂ ಇನ್ನೊಂದರ ಹಿಂಭಾಗಕ್ಕೂ ನಡುವೆ ಉದ್ದದ ಕೊಳವೆ ಬೆಸೆದಳು. ಕೊಳವೆಯ ಮೇಲೆ, ನೆಲದಿಂದ ಗೇಣೆತ್ತರದಲ್ಲಿ, ತಗ್ಗಾದ ತೊಟ್ಟಿ ಕೂರಿಸಿದಳು. ಭಾರ ಕೆಳಗಿದ್ದದ್ದರಿಂದ ಗಾಡಿ ವಾಲುತ್ತಿರಲಿಲ್ಲ. ಗುಜರಿಗೆ ಬಿದ್ದ ಸ್ಕೂಟರಿನ ಮೋಟಾರು ಹಿಂದಿನ ಗಾಲಿಗೆ ಬಂತು.

ವಸಂತದ ಹಬ್ಬ ಮುಗಿದ ವಾರ, ತೊಟ್ಟಿ ತುಂಬ ಗೆಡ್ಡೆ ಹೇರಿಕೊಂಡು ಅವಳು ಗೆನ್‌ಫುವಿನ ಅಂಗಡಿ ಮುಂದೆಯೇ ಗಲ್ಲಿಯೊಳಗೆ ಹೊಕ್ಕಳು. ಜನ ಮನೆಯಿಂದ ಹೊರಗೆ ಬಂದು ನೋಡಿದರು.

“ಒಂದು ಮಳೆ ಬರ್ಲಿ, ಗೊತ್ತಾಗುತ್ತೆ,” ಎಂದ ಗೆನ್‌ಫು.

ಮಳೆ ಬಂತು. ಗಾಡಿ ಓಡಿತು. ಮೀನಿನವನು ಅಂಥದ್ದೇ ಒಂದು ಗಾಡಿ ಬೇಕೆಂದು ಅಂಗಡಿಗೆ ಬಂದ, ಮಾಡಿಕೊಡೆಂದು ಕೇಳಿದ್ದು ಗೆನ್‌ಫುವನ್ನಲ್ಲ, “ಶಿಂಗ್‌ಮೈ ಅಕ್ಕ ಮನೇಲಿದಾಳಾ?” ಅಂತ. ಅಂದಿನಿಂದ ಆ ಮೋಟಾರಿನ ಗುಂಯ್ ಸದ್ದು ಕೇಳಿದರೆ ಸಾಕು, ಗೆನ್‌ಫು ಬೇಕಂತಲೇ ಸುತ್ತಿಗೆ ಹಿಡಿದು ಕಬ್ಬಿಣ ಬಡಿಯುತ್ತಿದ್ದ. ಮನೆಯಲ್ಲೂ ಅದೇ ಕಥೆ. ಹೆಂಡತಿ ಅಜುವಾನ್, ಶಿಂಗ್‌ಮೈ ಕೊಟ್ಟ ಗೆಡ್ಡೆಯ ತೂತುಗಳಿಗೆ ಅಂಟಕ್ಕಿ ತುಂಬಿ ಬೇಯಿಸಿ ಬಡಿಸಿದಳು.

“ಎಂಥ ತಲೆ ಅವಳ್ದು! ನೀನ್ಯಾಕೆ ಹಂಗೊಂದು ಮಾಡ್ಲಿಲ್ಲ?”

ಅವನು ಬಟ್ಟಲು ಸರಿಸಿ ಎದ್ದ.

ಒಂದು ಮಧ್ಯಾಹ್ನ ಗಾಡಿ ಸಂತೆ ಬಾಗಿಲಲ್ಲಿ ಒಂಟಿಯಾಗಿ ನಿಂತಿತ್ತು. ಗೆನ್‌ಫು ಅತ್ತಿತ್ತ ನೋಡಿ, ಶೂ ದಾರ ಕಟ್ಟುವವನಂತೆ ಪಕ್ಕದಲ್ಲಿ ಕುಕ್ಕರಿಸಿದ. ತಪ್ಪು ಹುಡುಕಲೆಂದೇ ಕೂತವನಿಗೆ ಮೊದಲು ಕಂಡದ್ದು ಕೆಲಸದ ಅಚ್ಚುಕಟ್ಟು. ಹೊಟ್ಟೆ ಇನ್ನಷ್ಟು ಉರಿಯಿತು. ಆಮೇಲೆ, ಉದ್ದದ ಕೊಳವೆ ಮುಂಭಾಗಕ್ಕೆ ಸೇರುವ ಕಡೆ, ಕೂದಲೆಳೆಯಂಥ ಬಿರುಕು ಕಂಡಿತು. ಬೆಸುಗೆ ಒಳಗಿಳಿದಿರಲಿಲ್ಲ. ಭಾರ ಹೇರಿ ಸೇತುವೆ ಇಳಿಯುವಾಗ ಯಾವತ್ತಾದರೂ ಎರಡು ತುಂಡಾಗುವಂಥದ್ದು.

ಅವನಿಗೆ ಖುಷಿಯಾಯಿತು. ಆ ರಾತ್ರಿ ಎರಡು ಬಟ್ಟಲು ಅನ್ನ ಉಂಡ. ಯಾರಿಗೂ ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ಅಜುವಾನ್ ಹೊಸ ಅಂಗಿ ತೊಟ್ಟು, ಮೊಟ್ಟೆ ಬುಟ್ಟಿ ಹಿಡಿದು ಹೊರಟಿದ್ದಳು.

“ಅಮ್ಮನ್ನ ನೋಡ್ಕೊಂಡ್ ಬರ್ತೀನಿ. ಶಿಂಗ್‌ಮೈ ಗಾಡೀಲಿ ಕೂರಿಸ್ಕೊಂಡ್ ಹೋಗ್ತಾಳಂತೆ.”

“ಬೇಡ. ಬಸ್ಸಲ್ಲಿ ಹೋಗು.”

“ಯಾಕೆ? ಹೊಟ್ಟೆಕಿಚ್ಚಾ?” ಎಂದು ನಕ್ಕು ಅವಳು ಹೊರಟೇಬಿಟ್ಟಳು.

ಗೆನ್‌ಫು ಒಂದು ನಿಮಿಷ ನಿಂತ. ಆಮೇಲೆ ಮನೆ ಚಪ್ಪಲಿಯಲ್ಲೇ ಓಡಿದ. ಗಾಡಿ ಸೇತುವೆ ಏರಲು ತೊಡಗಿತ್ತು. ಎದುರಿಗೆ ಹೋಗಿ ಹ್ಯಾಂಡಲ್ ಹಿಡಿದ.

“ಇಳೀರಿ! ಇಬ್ರೂ ಇಳೀರಿ!”

“ಏನಾಯ್ತಣ್ಣ?” ಎಂದಳು ಶಿಂಗ್‌ಮೈ.

“ಕೊಳವೆ ಬಿರುಕು ಬಿಟ್ಟಿದೆ. ಇಲ್ಲಿ ನೋಡು.”

ಅವಳು ಬಗ್ಗಿ ನೋಡಿದಳು, ಉಗುರಿನಿಂದ ಕೆರೆದಳು. “ಇದು ನಿಂಗೆ ಯಾವಾಗ ಕಾಣಿಸ್ತು?”

ಸುತ್ತ ಜನ ಸೇರಿದ್ದರು. ‘ಈಗಷ್ಟೇ’ ಅಂದಿದ್ದರೆ ಮುಗಿಯುತ್ತಿತ್ತು. ಅವನ ಬಾಯಿಗೆ ಸುಳ್ಳು ಬರಲಿಲ್ಲ.

“ಮೊನ್ನೆ.”

ಅಜುವಾನ್ ತೊಟ್ಟಿಯಿಂದ ಬುಟ್ಟಿ ಎತ್ತಿಕೊಂಡು, ಗಂಡನ ಮುಖ ನೋಡದೆ, ತವರಿನ ದಾರಿ ಹಿಡಿದು ನಡೆದೇ ಹೋದಳು. ಒಂಬತ್ತು ದಿನ ಬರಲಿಲ್ಲ.

ಶಿಂಗ್‌ಮೈ ಗಾಡಿಯನ್ನು ತಳ್ಳಿಕೊಂಡು ಅವನ ಅಂಗಡಿಗೇ ತಂದಳು. “ಬೈಯೋಕೆ ನಂಗೆ ಪುರುಸೊತ್ತಿಲ್ಲ. ಬೆಸುಗೆ ನಿನ್ನಷ್ಟು ಚೆನ್ನಾಗಿ ನಂಗೆ ಬರಲ್ಲ. ಹಾಕು,” ಎಂದಳು. ಅವನು ಹಳೆಯ ಬೆಸುಗೆಯನ್ನೆಲ್ಲ ಉಜ್ಜಿ ತೆಗೆದು, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೆಸೆದ. ಮುಗಿಯುವವರೆಗೂ ಅವಳು ಪಕ್ಕದಲ್ಲೇ ನಿಂತು ಕಾದಳು.

ಆಮೇಲೆ ಮೀನಿನವನ ಗಾಡಿಯಿಂದ ಹಿಡಿದು ಹನ್ನೊಂದು ಗಾಡಿ ಆಗಿವೆ. ಲೆಕ್ಕಾಚಾರ ಅವಳದು, ಬೆಸುಗೆ ಅವನದು. ಊರು ಕರೆಯುವುದು ಮಾತ್ರ ‘ಶಿಂಗ್‌ಮೈ ಗಾಡಿ’ ಎಂದೇ. ಹೋದ ವಾರ ಅವನೂ ನಾನೂ ಚಹಾ ಕುಡಿಯುತ್ತ ಕೂತಿದ್ದಾಗ ಅಂಥದ್ದೊಂದು ಎದುರಿಗೇ ಹಾದುಹೋಯಿತು. ಗೆನ್‌ಫು ಲೋಟ ಕೆಳಗಿಟ್ಟ.

“ಈಗ್ಲೂ ಉರಿಯುತ್ತೆ ಕಣೋ,” ಎಂದ. “ಮೂವತ್ತು ವರ್ಷ ಆ ಗಲ್ಲಿ ಬಾಯಲ್ಲೇ ಕೂತಿದ್ದೆ. ನಂಗ್ಯಾಕೆ ಹೊಳೀಲಿಲ್ಲ?”