ಮಂಜಣ್ಣನನ್ನು ಕೇಳದೆ ನಡೆದ ಸಂತಾಪ ಸಭೆ

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ, ಮೊಬೈಲು ಟಿಣ್ ಟಿಣ್ ಎಂದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ನೆಂಟರ ಗುಂಪಿನಲ್ಲಿ 'ಓಂ ಶಾಂತಿ'ಗಳ ಸುರಿಮಳೆ. ಕೈಮುಗಿದ ಚಿತ್ರ, ಉರಿಯುವ ದೀಪ, ಬಿಳಿ ಹೂವು. ಯಾರಪ್ಪಾ ಹೋದದ್ದು ಎಂದು ನೋಡಿದರೆ, ದೂರದ ನೆಂಟರೊಬ್ಬರನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅವರ ಮಗ ಬರೆದಿದ್ದ, ಅಷ್ಟೇ. ಮಧ್ಯಾಹ್ನ ಆ ಪುಣ್ಯಾತ್ಮರೇ ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುವ ಫೋಟೋ ಬಂತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಸಿಟ್ಟು ಮಾಡುವ ವಯಸ್ಸೇ ಅತ್ತೆ ನಿಮ್ಮದು ಎಂದು ಸೊಸೆ ಕೇಳುತ್ತಾಳೆ. ಸಿಟ್ಟಿಗೇನು ಪಿಂಚಣಿ ಕೊಟ್ಟು ಮನೆಗೆ ಕಳಿಸುತ್ತಾರೆಯೇ? ನನ್ನದು ಅರವತ್ತರ ದಶಕದ ಸಿಟ್ಟು. ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಅಣ್ಣ ಮಂಜಣ್ಣ ಅಡುಗೆಯವನು. ಮನೆ ಹೊಸನಗರದಲ್ಲಿ, ಕೈ ಪಳಗಿದ್ದು ತೀರ್ಥಹಳ್ಳಿಯ ಒಂದು ಹೋಟೆಲಿನಲ್ಲಿ. ಅವನು ಒಲೆಯ ಮುಂದೆ ನಿಂತಾಗ ಬ್ರಹ್ಮ ಬಂದರೂ ಒಳಗೆ ಬಿಡುತ್ತಿರಲಿಲ್ಲ. ನಾನು ಒಮ್ಮೆ ಹುಳಿಗೆ ಉಪ್ಪು ಸಾಲದು ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ಜೋಗ ನೋಡಲು ಬಂದ ದಿಲ್ಲಿಯ ಸಾಹೇಬರೊಬ್ಬರಿಗೆ ಬಂಗಲೆಯಲ್ಲಿ ಇವನೇ ಅಡುಗೆ ಮಾಡಿದ. ಅವರು ಮಾಂಸ ಮುಟ್ಟದವರು. ಇವನ ಮಾವಿನಮಿಡಿಯ ಅಪ್ಪೆಹುಳಿಯನ್ನು ಲೋಟಗಟ್ಟಲೆ ಕುಡಿದು, ನಡಿಯಪ್ಪಾ ನನ್ನ ಜೊತೆ ಎಂದು ಕರೆದುಕೊಂಡೇ ಹೋದರು. ಆ ಸಾಹೇಬರು ಮುಂದೆ ರಾಯಭಾರಿಯಾಗಿ ಒಂದು ಹೊರದೇಶಕ್ಕೆ ಹೋದರು, ಮಂಜಣ್ಣನೂ ಹೋದ. ಆ ದೇಶದ ಹೆಸರು ಆಗ ನಮ್ಮ ಕಡೆ ಯಾರ ಬಾಯಲ್ಲೂ ಸರಿಯಾಗಿ ಹೊರಳುತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಸಿಟ್ಟು ಅಲ್ಲಿಯವರ ಮೇಲಲ್ಲ.

ಸುದ್ದಿ ಮೊದಲು ಬಂದದ್ದು ಸಾಗರದ ಪೇಟೆಯ ಹೋಟೆಲಿನ ರೇಡಿಯೋದಲ್ಲಿ. ಸಾಹೇಬರ ಕಾರನ್ನು ಅಡ್ಡಗಟ್ಟಿ ಯಾರೋ ಗುಂಡು ಹಾರಿಸಿದರು, ಸಾಹೇಬರು ಅಲ್ಲೇ ತೀರಿಕೊಂಡರು. ಮರುದಿನದ ಪತ್ರಿಕೆಯಲ್ಲಿ ಕೊನೆಗೊಂದು ಸಾಲಿತ್ತು: ಕಾರಿನಲ್ಲಿದ್ದ ಅಡುಗೆಯವನಿಗೂ ಗುಂಡು ತಗಲಿದೆ. ಸತ್ತ ಎಂದಿರಲಿಲ್ಲ, ಬದುಕಿದ್ದಾನೆ ಎಂದೂ ಇರಲಿಲ್ಲ. ನಾನು ಮದುವೆಯಾಗಿ ಸಾಗರದಲ್ಲಿದ್ದೆ, ನನ್ನ ಯಜಮಾನರು ಹೈಸ್ಕೂಲು ಮೇಷ್ಟರು. ಆ ಸಾಲನ್ನು ನಾವಿಬ್ಬರೂ ಎಷ್ಟು ಸಲ ಓದಿದೆವೋ ದೇವರಿಗೇ ಗೊತ್ತು.

ಸಂಜೆಯೊಳಗೆ ಪೇಟೆಯಲ್ಲಿ ಅಂಗಡಿಗಳ ಬಾಗಿಲು ಬಿತ್ತು. ಕರಿ ಬಾವುಟ ಬಂತು. ಹುಡುಗರು ಹುಲ್ಲಿನ ಬೊಂಬೆ ಕಟ್ಟಿ, ಅದಕ್ಕೆ ನಮ್ಮ ಮನೆಯಿಂದಲೇ ಒಂದು ಹಳೇ ಕೋಟು ಬೇಡಿ ತೊಡಿಸಿ, ಆ ದೇಶದ ದೊರೆಯೆಂದು ಹೇಳಿ ನಡು ಬೀದಿಯಲ್ಲಿ ಸುಟ್ಟರು. ಶರಾವತಿಗೆ ಅಣೆಕಟ್ಟು ಬಂದು ನಮ್ಮದೇ ತಾಲೂಕಿನ ಊರೂರೇ ಮುಳುಗಿ, ಜನ ಪಾತ್ರೆಪಗಡ ಹೊತ್ತು ಇದೇ ಬೀದಿಯಲ್ಲಿ ಹೋಗಿದ್ದರು. ಆಗ ಒಂದು ಅಂಗಡಿಯೂ ಬಾಗಿಲು ಹಾಕಿರಲಿಲ್ಲ. ಈಗ ನೋಡಿದರೆ ದುಃಖವೋ ದುಃಖ! ಅದರಲ್ಲೂ ಕಾರಿನಲ್ಲಿದ್ದ ಅಡುಗೆಯವನು ನಮ್ಮ ಕಡೆಯವನೇ ಎಂದು ತಿಳಿದ ಮೇಲಂತೂ ಊರಿಗೆ ಹಬ್ಬ ಬಂದ ಹಾಗಾಯಿತು. ಹಬ್ಬ ಎಂಬ ಮಾತನ್ನು ತಿಳಿದೇ ಬರೆದಿದ್ದೇನೆ.

ಸಂತಾಪ ಸಭೆಗೆ ಒಂದು ಸಮಿತಿಯಾಯಿತು. ಅದಕ್ಕೆ ವಕೀಲರೊಬ್ಬರು ಅಧ್ಯಕ್ಷರು. ಮಂಜಣ್ಣನ ಫೋಟೋ ಬೇಕೆಂದು ನಮ್ಮ ಮನೆಗೆ ಬಂದರು. ಇದ್ದದ್ದು ಅವನ ಮದುವೆಯ ಫೋಟೋ ಒಂದೇ. ಸ್ಟುಡಿಯೋದವನಿಗೆ ಕೊಟ್ಟು, ಪಕ್ಕದಲ್ಲಿದ್ದ ಗೌರತ್ತಿಗೆಯನ್ನು ಕತ್ತರಿಸಿ ತೆಗೆಸಿ, ಅಣ್ಣನಿಗೊಬ್ಬನಿಗೇ ಚೌಕಟ್ಟು ಹಾಕಿಸಿ ತಂದರು. ಸಾಹೇಬರ ಫೋಟೋದ ಕೆಳಗೆ ಅದನ್ನಿಟ್ಟರು.

ಆ ಹೊತ್ತಿಗೆ ಗೌರತ್ತಿಗೆ ಹೊಸನಗರದಿಂದ ಬಸ್ಸು ಹತ್ತಿ ಬಂದಿದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಸಭೆಯಲ್ಲಿ ಹೆಂಗಸರ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ವಕೀಲರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಧಣಿಗಾಗಿ ಎದೆಯೊಡ್ಡಿ ಪ್ರಾಣ ಕೊಟ್ಟ ನಮ್ಮ ಮಣ್ಣಿನ ಮಗ" ಎಂದರು. ಚಪ್ಪಾಳೆ ಬಿತ್ತು. ಸಂತಾಪ ಸಭೆಯಲ್ಲಿ ಚಪ್ಪಾಳೆ! ಗುಂಡು ತಗಲಿದವನಿಗಿಂತ ಸತ್ತವನ ಬಗ್ಗೆ ಭಾಷಣ ಚೆನ್ನಾಗಿ ಆಗುತ್ತದೆ, ಅದಕ್ಕೇ ಆ ಮನುಷ್ಯ ನನ್ನ ಅಣ್ಣನನ್ನು ನಿಂತ ನಿಲುವಿನಲ್ಲಿ ಸಾಯಿಸಿಬಿಟ್ಟ.

ಅತ್ತಿಗೆ ನನ್ನ ಕೈ ಹಿಡಿದು, "ಪೇಪರಲ್ಲಿ ಗುಂಡು ತಾಗಿದ್ದು ಹೇಳಿ ಇದ್ದು. ಸತ್ತ ಹೇಳಿ ಎಲ್ಲೂ ಇಲ್ಲೆ ಅಲ್ದನೇ?" ಎಂದಳು, 'ಎಂದು' ಎನ್ನುವುದಕ್ಕೆ 'ಹೇಳಿ' ಎನ್ನುವ ನಮ್ಮ ಮನೆಮಾತಿನಲ್ಲಿ. ಸಭೆ ಮುಗಿದು ದಿಲ್ಲಿಗೆ ಸಂತಾಪದ ತಂತಿ ಬರೆಯುತ್ತಿದ್ದಾಗ ಮೇಜಿನ ಹತ್ತಿರ ಹೋಗಿ ನಿಂತು ಕೇಳಿದಳು, "ಇವ್ರು ಹೇಗಿದಾರೆ ಅಂತ ಅದ್ರಲ್ಲೇ ಒಂದ್ ಮಾತು ಕೇಳಿ ಸ್ವಾಮಿ."

ವಕೀಲರು ತಲೆ ಎತ್ತಲಿಲ್ಲ. "ಸಂತಾಪದ ತಂತೀಲಿ ಮನೆ ವಿಚಾರ ಎಲ್ಲ ಬರೀಬಾರ್ದಮ್ಮ, ಮರ್ಯಾದೆ ಅಲ್ಲ. ನಾವೆಲ್ಲ ವಿಚಾರಿಸಿದೀವಿ. ನೀವು ಧೈರ್ಯ ತಗೊಳ್ಳಿ."

ಎಲ್ಲಿ ವಿಚಾರಿಸಿದ್ದರು? ಯಾರನ್ನು? ಅವರ ಮನೆಯ ಬೆಕ್ಕನ್ನೂ ವಿಚಾರಿಸಿರಲಿಲ್ಲ. ನನ್ನ ಯಜಮಾನರು ಬೇರೆಯಾಗಿ ಒಂದು ತಂತಿ ಕೊಟ್ಟರು. ಸಾಗರದ ಮೇಷ್ಟರ ತಂತಿಗೆ ದಿಲ್ಲಿಯವರು ಕೂಡಲೇ ಎದ್ದು ಉತ್ತರ ಕೊಡುತ್ತಾರೆಯೇ? ಈ ನಡುವೆ ಹೊಸನಗರದವರು, ಅವನ ಮನೆ ನಮ್ಮಲ್ಲಿ, ಸಭೆ ಸಾಗರದಲ್ಲಿ ಮಾಡಲು ಅವರು ಯಾರು ಎಂದು ತಾವೊಂದು ಸಭೆ ಮಾಡಿದರು. ಅಡುಗೆ ಕಲಿಸಿದ ಊರು ನಮ್ಮದು ಎಂದು ತೀರ್ಥಹಳ್ಳಿಯವರು ಇನ್ನೊಂದು ಮಾಡಿದರು. ಮೂರೂರಿನವರು ಸೇರಿ ಒಬ್ಬನನ್ನು ಮೂರು ಸಲ ಸಾಯಿಸಿದರು. ಒಬ್ಬನೂ ಅವನು ಸತ್ತಿದ್ದಾನೆಯೇ ಎಂದು ಕೇಳಲಿಲ್ಲ.

ಹೊರಗಿನವರನ್ನು ಬಯ್ದು ಮುಗಿಸಿದೆ, ಈಗ ಮನೆಯವರ ಸರದಿ. ನಮಗೆ ಅಪ್ಪ ಅಮ್ಮ ಇರಲಿಲ್ಲ, ಹೊಸನಗರದ ಮನೆಗೆ ದೊಡ್ಡಪ್ಪನೇ ಯಜಮಾನ. ಅವನ ಮಗಳ ಮದುವೆ ನಿಶ್ಚಯವಾಗಿತ್ತು, ಮುಹೂರ್ತ ಹತ್ತಿರ. ಮಂಜಣ್ಣ ಸತ್ತಿದ್ದರೆ ಸೂತಕ. ಸತ್ತನೋ ಇಲ್ಲವೋ ಎಂಬ ಅನುಮಾನದಲ್ಲಿದ್ದರೆ ಮದುವೆಯ ಕಾಲಕ್ಕೇ ಸುದ್ದಿ ಬಂದು ಎಲ್ಲ ಕೆಟ್ಟುಹೋಗುವ ಭಯ. ಬೇಗ ಕರ್ಮ ಮುಗಿಸಿ ಸೂತಕ ಕಳೆದುಕೊಂಡುಬಿಡೋಣ ಎಂದು ದೊಡ್ಡಪ್ಪ ಹಟ ಹಿಡಿದ. ಅತ್ತಿಗೆ ಒಪ್ಪಲಿಲ್ಲ. "ಮೂರೂರು ಹೇಳ್ತಾ ಇದ್ದು. ನಿಂಗೊಬ್ಬಳಿಗೆ ಎಂತ ಗೊತ್ತಿದ್ದು?" ಎಂದು ಗದರಿದ.

ಹೆಣ ಸಿಗದಿದ್ದರೆ ದರ್ಭೆ ಮತ್ತು ಮುತ್ತುಗದ ಎಲೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಡುವುದು ನಮ್ಮವರ ಪದ್ಧತಿ. ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಯ ಮೇಲೆ ಭಟ್ಟರು ಅದನ್ನು ಮಾಡಿಸಿದರು. ಮನೆಗೆ ಬಂದು ಹೆಂಗಸರು ಅತ್ತಿಗೆಯ ಬಳೆ ಒಡೆದರು, ಕುಂಕುಮ ಅಳಿಸಿದರು. ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಂಥಾ ಗಟ್ಟಿ ಹೆಂಗಸು ಎಂದು ಅದಕ್ಕೂ ಆಡಿಕೊಂಡರು. ಸಾಯದವನಿಗೆ ಅಳುವುದು ಹೇಗೆ, ಹೇಳಿ ನೋಡೋಣ.

ಮದುವೆಗೆ ನಾನೂ ಹೊಸನಗರಕ್ಕೆ ಹೋಗಿದ್ದೆ. ಅಂಗಳದಲ್ಲಿ ಚಪ್ಪರ ಎದ್ದಿತ್ತು. ಶುಭಕಾರ್ಯಕ್ಕೆ ಕಣ್ಣಿಗೆ ಬೀಳಬಾರದೆಂದು ಅತ್ತಿಗೆಯನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿ ಸೌತೆಕಾಯಿ ಹೆಚ್ಚಲು ಕೊಟ್ಟಿದ್ದರು. ನಾನು ಅವಳ ಹತ್ತಿರವೇ ಕೂತಿದ್ದೆ. ಹೊರಗಿನಿಂದ ಯಾರೋ ಹೆಂಗಸು ಕಿಟಾರನೆ ಕಿರುಚಿದಳು. ಓಡಿ ಹೋಗಿ ನೋಡಿದರೆ ಚಪ್ಪರದ ಕೆಳಗೆ ಮಂಜಣ್ಣ! ಬಲಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೂಗುಬಿದ್ದಿದೆ, ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನಿಲ್ಲ. ಅಷ್ಟು ದಿನ ಆಸ್ಪತ್ರೆಯಲ್ಲಿದ್ದನಂತೆ. ಬರೆಯುವ ಕೈಗೇ ಗುಂಡು ತಗಲಿತ್ತು, ಆ ದೇಶದಲ್ಲಿ ಕನ್ನಡ ಬರೆದುಕೊಡುವವರು ಯಾರು? ದೊಡ್ಡಪ್ಪ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದ. "ಒಳಗೆ ಬರಡ ಮಾರಾಯ. ನಿನ್ನ ಕರ್ಮ ಎಲ್ಲ ಮುಗದ್ದು."

ಅಷ್ಟರಲ್ಲಿ ಅತ್ತಿಗೆ ಕೈಯಲ್ಲಿ ಸೌತೆಕಾಯಿ ಹಿಡಿದೇ ಬಂದಿದ್ದಳು. ಅಣ್ಣ ಅವಳ ಹಣೆ ನೋಡಿದ, ಕೈ ನೋಡಿದ.

"ಎಂತ ಆತೇ? ಯಾರು ತೀರ್ಕಂಡ್ರು?"

"ನೀವು" ಎಂದಳು ಅತ್ತಿಗೆ.

"ನಂಗೊಂದು ಮಾತು ಹೇಳದೇಯ?" ಎಂದ ಅಣ್ಣ.

ಆಗ ಅವಳು ಅತ್ತಳು ನೋಡಿ! ವಾದ್ಯದವರು ಬಾರಿಸುವುದನ್ನು ನಿಲ್ಲಿಸಿದರು.

ಭಟ್ಟರನ್ನು ಕರೆಸಿದರು. ಅದಕ್ಕೂ ಶಾಸ್ತ್ರದಲ್ಲಿ ದಾರಿಯಿದೆಯಂತೆ. "ತುಪ್ಪದ ಕೊಪ್ಪರಿಗೇಲಿ ಕೂತು ಎದ್ರೆ ಹೊಸ ಹುಟ್ಟು. ನಾಮಕರಣ, ಉಪನಯನ, ಆಮೇಲೆ ಅದೇ ಹೆಂಡ್ತಿನ ಮತ್ತೆ ಮದುವೆ ಆಗ್ಬೇಕು" ಎಂದರು. ಮಂಜಣ್ಣ, "ಅಷ್ಟು ತುಪ್ಪ ಇದ್ರೆ ಊರಿಗೆಲ್ಲ ಹೋಳಿಗೆ ಬಡಿಸ್ತಿದ್ದೆ ಭಟ್ರೇ" ಎಂದ. ಕೊನೆಗೆ ನೀರಿಗೆ ಒಂದಿಷ್ಟು ತುಪ್ಪ ಹಾಕಿ ಅವನನ್ನು ಹೇಗೋ ಹುಟ್ಟಿಸಿದರು. ಆದರೆ ಮದುವೆಯ ಮಾತು ಬಂದಾಗ ಅತ್ತಿಗೆ ಕೂಡದು ಎಂದಳು. "ಬಳೆ ಒಡಿ ಹೇಳಿದವು ಬಂದು ಬಳೆ ತೊಡಸಲಿ, ಆಮೇಲೆ ನೋಡನ" ಎಂದಳು. ದೊಡ್ಡಪ್ಪ ಕೇಳಿಸದವನಂತೆ ಎದ್ದು ಹೋದ.

ಇತ್ತ ಸಾಗರದ ವಕೀಲರಿಗೆ ಒಂದಿಷ್ಟಾದರೂ ನಾಚಿಕೆಯಾಯಿತೇ? ಎಲ್ಲಿಯ ಮಾತು! ಅದೇ ಸಮಿತಿ, ಅದೇ ಮೈಕು, ಈಗ ಸನ್ಮಾನ ಸಭೆ. "ಸಾವನ್ನೇ ಗೆದ್ದು ಬಂದ ನಮ್ಮ ಮಣ್ಣಿನ ಮಗ" ಎಂದು ಶಾಲು ಹೊದಿಸಿದರು, ಮತ್ತೆ ಚಪ್ಪಾಳೆ. ಗೌರತ್ತಿಗೆ ಬೋಳು ಹಣೆಯಲ್ಲೇ ಬಂದು ಕೂತಿದ್ದಳು. ಚಪ್ಪಾಳೆ ನಿಲ್ಲುತ್ತಲೇ ಎದ್ದು ನಿಂತಳು.

"ವಕೀಲ್ರೇ, ಅವತ್ತು ತಂತಿ ಬರೆಯುವಾಗ ಇವ್ರು ಇದಾರಾ ಇಲ್ವಾ ಅಂತ ಒಂದ್ ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಶಾಲು ಬೇಡ ನಮಗೆ. ನನ್ನ ಕೈ ನೋಡಿ. ಈ ಕೈಗೆ ಬಳೆ ತಂದು ಹಾಕಿ."

ಎರಡೂ ಕೈ ಮುಂದೆ ಚಾಚಿದಳು. ವಕೀಲರ ಮುಖ ಹುಳ್ಳಗಾಯಿತು. ಆಮೇಲೆ ಆ ಮನುಷ್ಯ ಏನು ಮಾಡಿದ ಗೊತ್ತೇ? ಪಕ್ಕದಲ್ಲಿ ನಿಂತಿದ್ದ ಶಾಲೆಯ ಹುಡುಗಿಯರಿಗೆ ಸನ್ನೆ ಮಾಡಿದ. ಅವು ಪಾಪ, ರಾಷ್ಟ್ರಗೀತೆ ಶುರು ಮಾಡಿದವು. ಜನರೆಲ್ಲ ದಡಬಡಿಸಿ ಎದ್ದು ನೆಟ್ಟಗೆ ನಿಂತರು, ಇನ್ನು ಮಾತಾಡುವ ಹಾಗಿಲ್ಲ. ಗೀತೆ ಮುಗಿಯುವವರೆಗೂ ಅತ್ತಿಗೆ ಚಾಚಿದ ಕೈ ಇಳಿಸಲಿಲ್ಲ. ಮುಗಿದ ಕೂಡಲೇ ವಕೀಲರು ಹಿಂದಿನ ಬಾಗಿಲಿನಿಂದ ಹೋದರು, ಜನ ಕಣ್ಣು ತಪ್ಪಿಸಿ ಕರಗಿದರು.

ಮಂಜಣ್ಣ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ ಅವಳನ್ನು ಎದುರಿನ ಬಳೆ ಅಂಗಡಿಗೆ ಕರೆದುಕೊಂಡು ಹೋದ. ನಾವೂ ಹಿಂದೆ ಹೋದೆವು. ಅಂಗಡಿಯವನು ಅವಳ ಹಣೆ ನೋಡಿ ಹಿಂಜರಿದ. "ಅಮ್ಮ, ಶಾಸ್ತ್ರ ಎಲ್ಲ ಆಗ್ಬೇಕೇನೋ... ನಿಮ್ಮ ಮನೆಯೋರು ಬೈತಾರೆ."

"ನಾನೇ ಇವಳ ಗಂಡ, ಸತ್ತಿದ್ದು ನಾನೇ. ತೊಡ್ಸಪ್ಪ ಸುಮ್ನೆ" ಎಂದ ಮಂಜಣ್ಣ.

ಅವರು ಮತ್ತೆ ಮದುವೆಯಾಗಲೇ ಇಲ್ಲ. ದೊಡ್ಡಪ್ಪನ ಲೆಕ್ಕದಲ್ಲಿ ಅವರದು ಮದುವೆಯಿಲ್ಲದ ಸಂಸಾರ, ಅದರಲ್ಲೇ ಇಬ್ಬರು ಮಕ್ಕಳೂ ಆದರು. ಎಡಗೈಯಲ್ಲಿ ಸೌಟು ಹಿಡಿಯುವುದನ್ನು ಕಲಿತು ಮಂಜಣ್ಣ ಹೊಸನಗರದಲ್ಲೇ ಹೋಟೆಲು ಇಟ್ಟ, ಚೆನ್ನಾಗಿ ಬಾಳಿದ. ಅವನು ನಿಜವಾಗಿ ತೀರಿಕೊಂಡದ್ದು ತೀರ ಮುದುಕನಾದ ಮೇಲೆ. ಆಗಲೂ ಹೆಂಗಸರು ಅತ್ತಿಗೆಯ ಸುತ್ತ ಸೇರಿದರು, ಒಬ್ಬಳು ಅವಳ ಬಳೆಗೆ ಕೈಹಾಕಿದಳು. ಅತ್ತಿಗೆ ಕೈ ಹಿಂದಕ್ಕೆಳೆದುಕೊಂಡಳು. "ಅವಕ್ಕೆ ಒಂದ್ಸಲ ಎಲ್ಲ ಮಾಡಿ ಆಯ್ದು. ಒಬ್ಬ ಗಂಡಂಗೆ ಎರಡು ಸಲ ಬಳೆ ಒಡೆಯದು ಯಾವ ಶಾಸ್ತ್ರದಲ್ಲಿ ಇದ್ದು?" ಭಟ್ಟರ ಮಗನೇ ಈಗ ಭಟ್ಟರು, ಅವರು ಪುಸ್ತಕ ತಿರುವಿ ಹಾಕಿ ಮುಚ್ಚಿಟ್ಟರು.

ನನ್ನ ಯಜಮಾನರು ಹೋದ ವರ್ಷ ತೀರಿಕೊಂಡರು. ನನಗೆ ಯಾರೂ ಬಲವಂತ ಮಾಡಲಿಲ್ಲ; ಬಳೆ ನಾನೇ ತೆಗೆದಿಟ್ಟೆ, ತೆಗೆಯುವುದು ಎಂದರೆ ತೆಗೆಯುವುದು, ಅದರಲ್ಲಿ ಯೋಚಿಸುವುದೇನು ಎಂಬ ಹಾಗೆ. ಇದನ್ನು ಇಲ್ಲಿಯವರೆಗೆ ಬರೆದು ನಿನ್ನೆ ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿದೆ. ಕೇಳಿದಳು. ಮಂಜಣ್ಣನ ಸುದ್ದಿ ಎತ್ತಲಿಲ್ಲ, ವಕೀಲರ ಸುದ್ದಿ ಎತ್ತಲಿಲ್ಲ. "ನಿನ್ನ ಕೈಲಿ ಬಳೆ ಇದ್ದನೇ?" ಎಂದು ಕೇಳಿದಳು.

ಇಲ್ಲ ಎಂದೆ.

"ಮತ್ತೆಂತಕ್ಕೆ ಬರದೆ ಇಷ್ಟೆಲ್ಲ?" ಎಂದು ಫೋನು ಇಟ್ಟುಬಿಟ್ಟಳು.

ಇವತ್ತು ಬೆಳಿಗ್ಗೆ ಪೇಟೆಗೆ ಹೋಗಿ ಹಸಿರು ಬಳೆ ತೊಟ್ಟು ಬಂದೆ. ಓಣಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ನೋಡಲಿ.