ತಾತ ಬಂಡೆಗೆ ತೊಡಿಸಿದ ಬಳೆ

ಆ ಬೆಳಗ್ಗೆ ನಮ್ಮೂರ ಬಂಡೆಯ ಬುಡದಲ್ಲಿ ಕೂತಿದ್ದವರು ನಾಲ್ಕೇ ಜನ. ಪಂಚಾಯಿತಿಯ ಅಧ್ಯಕ್ಷೆ, ಕಲ್ಲು ಒಡೆದೇ ಆಯಸ್ಸು ಸವೆಸಿದ ನನ್ನ ಸೋದರಮಾವ, ಮೈಸೂರಿನಿಂದ ಬಂಡೆ ಹತ್ತಲು ಬರುವವರ ಪರವಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು, ಮತ್ತೆ ನಾನು. ನಿವೃತ್ತ ಮೇಷ್ಟ್ರ ಅಕ್ಷರ ದುಂಡಗಿದೆ ಅಂತ ನಡವಳಿ ಬರೆಯುವ ಕೆಲಸ ನನಗೆ ಅಂಟಿತ್ತು.

ಹೆಡತಲೆ ಕಡೆಯ ದಾರಿಯಲ್ಲಿರುವ ಈ ಬಂಡೆ ಯಾರೊಬ್ಬರದೂ ಅಲ್ಲ, ಊರಿನದು. ತಗ್ಗಿನಲ್ಲಿ ಹೆಂಗಸರು ಹುರುಳಿ ಒಣಗಿಸುತ್ತಾರೆ. ಅರ್ಧ ಎತ್ತರದಲ್ಲಿ ಮಳೆನೀರು ನಿಲ್ಲುವ ಒಂದು ದೊಣೆ. ನೆತ್ತಿಯ ಮೇಲೆ ಒಂದು ಕಬ್ಬಿಣದ ಬಳೆ. ಅದನ್ನು ಕೂರಿಸಿದವನು ನನ್ನ ತಾಯಿಯ ತಂದೆ. ಕಲ್ಲಿಗೆ ತೂತು ಕೊರೆದು, ಸೀಸ ಕಾಯಿಸಿ ಹೊಯ್ದು ನಿಲ್ಲಿಸಿದ್ದನಂತೆ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಅದಕ್ಕೆ ಕತ್ತಾಳೆ ಹಗ್ಗ ಕಟ್ಟಿ, ಮಾವ ಇಳಿದು ದೊಣೆಯ ಹೂಳು ತೆಗೆಯುತ್ತಿದ್ದ. ಕೆಳಗೆ ನಿಂತು ಕತ್ತು ನೋಯುವವರೆಗೂ ನೋಡುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಗೊಣಗುತ್ತಿದ್ದಳು: “ನಿಮ್ ತಾತ ನಂಗೊಂದು ಜೊತೆ ಬಳೆ ತೊಡಿಸ್ನಿಲ್ಲ, ಓಗಿ ಬಂಡೆಗೆ ತೊಡಿಸ್ಬುಟ್ರು.”

ಈಚೆಗೆ ಬಂಡೆ ಹತ್ತುವವರು ಹಗ್ಗ ಸಿಕ್ಕಿಸಲು ತಮಗೆ ಕಂಡಲ್ಲಿ ಡ್ರಿಲ್ ಮಾಡಿ ಬೋಲ್ಟು ಹೊಡೆಯುತ್ತಿದ್ದರು. ಅದಕ್ಕೊಂದು ಕಟ್ಟುಪಾಡು ಬೇಕು ಅಂತ ಆ ಸಭೆ. ಕೇಳದೆ ಹೊಸ ಬೋಲ್ಟು ಹೊಡೆಯಬಾರದು, ಹೊಡೆದದ್ದಕ್ಕೆ ನಂಬರು ಕೊಟ್ಟು ಪುಸ್ತಕಕ್ಕೆ ಏರಿಸಬೇಕು ಅಂತೆಲ್ಲ ಬರೆದೆ. ಕೊನೆಗೆ ಬರವಣಿಗೆಯ ಹುರುಪಿನಲ್ಲಿ ಇನ್ನೊಂದು ಸಾಲು ಸೇರಿಸಿ ಗಟ್ಟಿಯಾಗಿ ಓದಿದೆ: ‘ಪುಸ್ತಕದಲ್ಲಿ ನಂಬರಿಲ್ಲದ ಕಬ್ಬಿಣ ಯಾವುದೇ ಇರಲಿ, ಕೀಳತಕ್ಕದ್ದು.’

ಮಾವ ಬೀಡಿ ಆರಿಸಿದ. “ಲೇ ಅಳಿಮಯ್ಯ, ನಮ್ಮಪ್ಪನ ಬಳೆಗೆ ಯಾವ ನಂಬ್ರ ಕೊಟ್ಟಿದ್ದೀಯ್ಲಾ?”

ಬೋಲ್ಟು ಬರೆಯುವ ಭರದಲ್ಲಿ ಬಳೆ ನೆನಪಿಗೇ ಬಂದಿರಲಿಲ್ಲ. ತಕ್ಷಣ ಆ ಸಾಲು ಹೊಡೆದು ಹಾಕಿದೆ.

“ನಮ್ ಕಾಪಿಗೆ ಎಷ್ಟು ಗೀಟ್ ಹಾಕಿದ್ರಿ ಮೇಷ್ಟ್ರೇ, ಇವತ್ತು ನಿಮ್ದುಕ್ಕೇ ಬಿತ್ತು” ಅಂತ ಅಧ್ಯಕ್ಷೆ ನಕ್ಕಳು. ನನ್ನ ಹತ್ತಿರವೇ ಓದಿದವಳು.

ಮೈಸೂರಿನ ಹೆಣ್ಣುಮಗಳು ಮಾವನ ಕಡೆ ತಿರುಗಿ ಮೆಲ್ಲಗೆ ಅಂದಳು, “ತಾತ, ಬಳೆ ಇರ್ಲಿ. ಆದ್ರೆ ನಮ್ಮೋರು ಅದಕ್ಕೂ ಹಗ್ಗ ಕಟ್ತಾರೆ. ಗಟ್ಟಿ ಇದ್ಯಾ ಅಂತ ಒಂದ್ಸಲ ನೋಡ್ಬೇಕಲ್ವಾ?”

“ಸೀಸ ಉಯ್ದು ಕೂರ್ಸಿರೋದು ಕಣ್ ಕೂಸೇ. ಮೊದ್ಲು ನಿನ್ ಬೋಲ್ಟು ನೋಡ್ಕೋ.” ಮಾವ ಸುತ್ತಿಗೆ ಕೈಗೆ ತಗೊಂಡ. “ನೋಡೋದೇನು, ಬಾ, ಎಲ್ಲಾನೂ ಕೇಳೇಬುಡ್ತೀನಿ.”

ಕಲ್ಲಿನ ಕೆಲಸದವರು ಬಂಡೆಯನ್ನು ಕಿವಿಯಿಂದಲೇ ಪರೀಕ್ಷೆ ಮಾಡುವುದು. ಹಿಂಬದಿಯ ಇಳಿಜಾರಿನಲ್ಲಿ ನಿಧಾನಕ್ಕೆ ನೆತ್ತಿ ಹತ್ತಿದೆವು. ಅಲ್ಲಿದ್ದ ಒಂದೊಂದೇ ಬೋಲ್ಟಿನ ಸುತ್ತ ಮಾವ ತಟ್ಟಿದ. ಎಲ್ಲ ಖಣ್ ಖಣ್ ಅಂದವು. ಒಂದು ಕಡೆ ಮಾತ್ರ ದಬ್ ಅಂತು. “ಒಳಗೆ ಪದರ ಬುಟ್ಟದೆ. ಕಿತ್ತಾಕು” ಅಂದ. ಅವಳು ವಾದ ಮಾಡದೆ ಸೀಮೆಸುಣ್ಣದ ಗುರುತು ಹಾಕಿದಳು.

ಕೊನೆಗೆ ಬಳೆ. ತಟ್ಟಿದ. ದಬ್.

ಇನ್ನೊಂದು ಬದಿಗೆ ತಿರುಗಿ ತಟ್ಟಿದ. ಅದೇ ಸದ್ದು. ಸುತ್ತಿಗೆ ಕೆಳಗಿಟ್ಟು, ಬಳೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ದೊಣೆಯ ಕಡೆ ನೋಡತೊಡಗಿದ. ಆ ವಯಸ್ಸಿನಲ್ಲೂ ನನಗೆ ಚಿಕ್ಕಂದಿನಲ್ಲಿ ಕೆಳಗೆ ಅಜ್ಜಿಯ ಸೆರಗು ಹಿಡಿದು ನಿಂತ ಹಾಗೆಯೇ ಆಗುತ್ತಿತ್ತು.

“ಮಾವ, ಬಳೆ ಇರಲಿ ಬಿಡು. ಹಗ್ಗ ಕಟ್ಟಬೇಡಿ ಅಂತ ಪಕ್ಕದಲ್ಲಿ ಬಣ್ಣದಲ್ಲಿ ಬರೆಸೋಣ” ಅಂದೆ.

“ಓದೋನು ಓದ್ತಾನೆ. ಓದ್ದೇ ಇರೋನು ಕಟ್ಟಿ ಇಳೀತಾನೆ.” ಮಾವ ನನ್ನ ಕೈಯ ಪುಸ್ತಕ ತೋರಿಸಿದ. “ಒಡೆದಾಕ್ದಲ್ಲ, ಆ ಸಾಲ್ನ ತಿರ್ಗಾ ಬರಿ ಕಣ್ಲಾ.”

ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆದೆ. ದುಂಡಗಿನ ಅಕ್ಷರ ಅವತ್ತು ಸೊಟ್ಟಗಾಯಿತು.

ಮುಂದಿನ ವಾರ ಮಾವನೇ ಉಳಿ ಹಿಡಿದು, ಯಾರನ್ನೂ ಮುಟ್ಟಗೊಡದೆ, ಸೀಸ ಬಿಡಿಸಿ ಬಳೆ ತೆಗೆದ. ಅದು ಈಗ ಅವನ ಕೊಟ್ಟಿಗೆಯ ಕಂಬದಲ್ಲಿದೆ. ಅದಕ್ಕೆ ಕರು ಕಟ್ಟುತ್ತಾರೆ.